ಹತ್ತು ನಿಮಿಷದ ಕೆಲಸ

ಕಿಟಕಿಗೆ ಪರದೆ ಕಂಬಿ ಹಾಕುವುದು ಹತ್ತು ನಿಮಿಷದ ಕೆಲಸ. ಹಾಗಂದುಕೊಂಡು ಡ್ರಿಲ್ ಮೆಷಿನ್ ಕೈಗೆತ್ತಿಕೊಂಡವರು ಹೆಚ್ಚುಕಡಿಮೆ ಎಲ್ಲರೂ ಲಿಂಟಲ್ಲಿಗೆ ಹೋಗಿ ಗುದ್ದಿಕೊಂಡವರೇ. ಕಿಟಕಿಯ ನೆತ್ತಿಯ ಮೇಲೆ ಕೂತು ಗೋಡೆಯ ಭಾರ ಹೊರುವ ಕಾಂಕ್ರೀಟಿನ ತೊಲೆ ಅದು. ಕಿಟಕಿಯ ಅಗಲಕ್ಕೇ ನಿಲ್ಲದೆ ಎರಡೂ ಕಡೆ ಸುಮಾರು ಅರ್ಧ ಅಡಿ ಆಚೆಗೂ ಚಾಚಿಕೊಂಡಿರುತ್ತದೆ. ಎಷ್ಟೋ ಮನೆಗಳಲ್ಲಿ ಗೋಡೆಯುದ್ದಕ್ಕೂ ಪಟ್ಟಿಯಾಗಿ ಓಡಿರುತ್ತದೆ. ಪರದೆ ಕಂಬಿಯ ಬ್ರಾಕೆಟ್ಟಿಗೆ ಇದೇ ಸರಿಯಾದ ಜಾಗ ಎಂದು ನಾವೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕುವುದು ಕಿಟಕಿಯಿಂದ ನಾಲ್ಕು ಬೆರಳು ಮೇಲಕ್ಕೆ, ನಾಲ್ಕು ಬೆರಳು ಪಕ್ಕಕ್ಕೆ. ಅದು ಸರಿಯಾಗಿ ಲಿಂಟಲ್ಲಿನ ಎದೆಯ ಮೇಲೇ ಬರುತ್ತದೆ. ಡ್ರಿಲ್ ಬಿಟ್ಟು ಮೊದಲ ಅರ್ಧ ಇಂಚು ಸಲೀಸಾಗಿ ಇಳಿಯುತ್ತದೆ, ಅದು ಸಾರಣೆ. ಆಮೇಲೆ ಸದ್ದೇ ಬದಲಾಗುತ್ತದೆ. ಮೆಷಿನ್ ಕಿರುಚುತ್ತದೆ, ಮೊಣಕೈವರೆಗೂ ನಡುಕ ಹತ್ತುತ್ತದೆ, ತೂತು ಮಾತ್ರ ಒಂದೆಳೆಯೂ ಆಳವಾಗುವುದಿಲ್ಲ. ತೆಗೆದು ನೋಡಿದರೆ ಬಿಟ್ಟಿನ ತುದಿ ಕಾದು ನೀಲಿಗೆ ತಿರುಗಿರುತ್ತದೆ. ಇನ್ನಷ್ಟು ಒತ್ತಿದರೆ ಬಿಟ್ಟು ಪಕ್ಕಕ್ಕೆ ಜಾರಿ, ಆರು ಮಿಲಿಮೀಟರ್ ಇರಬೇಕಾದ ತೂತು ಹತ್ತಾಗಿ, ಪ್ಲಗ್ಗು ಅದರೊಳಗೆ ಬಿದ್ದು ಅಲ್ಲಾಡುತ್ತದೆ.

ಅನುಭವಸ್ಥ ಎಲೆಕ್ಟ್ರಿಷಿಯನ್ ಒಬ್ಬರು ಗೋಡೆ ಕೊರೆಯುವುದನ್ನು ಹತ್ತಿರ ನಿಂತು ನೋಡಿ. ಅವರ ಕಣ್ಣು ಉದುರುವ ಪುಡಿಯ ಮೇಲಿರುತ್ತದೆ. ಮೊದಲು ಬೂದು ಬಣ್ಣದ ಸಡಿಲ ಪುಡಿ ಬಂದರೆ ಸಾರಣೆ. ಕೆಂಪು ಬಂದರೆ ಇಟ್ಟಿಗೆ; ನಿರಾತಂಕವಾಗಿ ಮುಂದುವರಿಯಬಹುದು. ಮತ್ತೆ ಬೂದು ಬಂದು, ಈ ಸಲ ಹಿಟ್ಟಿನಷ್ಟು ನಯವಾಗಿ, ಚೂರೇ ಚೂರು ಉದುರುತ್ತಿದ್ದರೆ ಕಾಂಕ್ರೀಟು. ಬೆಳ್ಳನೆಯ ಪುಡಿ ಯಾವ ಶ್ರಮವೂ ಇಲ್ಲದೆ ರಾಶಿ ಸುರಿದರೆ ಅದು ಈಚಿನ ಹಗುರ ಬ್ಲಾಕು. ಮಾಮೂಲಿ ಪ್ಲಗ್ಗು ಅದರಲ್ಲಿ ಭಾರ ತಡೆಯುವುದಿಲ್ಲ. ಪುಡಿಯೇ ಬರದೆ ಕಿಡಿ ಬಂದರೆ ಕಬ್ಬಿಣ ತಾಗಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಬೇಕು. ಇಷ್ಟು ಗೊತ್ತಿದ್ದವರಿಗೆ ಪರದೆ ಕಂಬಿ ನಿಜಕ್ಕೂ ಹತ್ತು ನಿಮಿಷದ ಕೆಲಸ.

ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ ಮೈಸೂರಿನ ದಟ್ಟಗಳ್ಳಿಯ ಯಾವ ಅಡ್ಡರಸ್ತೆಯಲ್ಲಿ ನಡೆದರೂ ಈ ಡ್ರಿಲ್ಲಿನ ಸದ್ದು ಕಿವಿಗೆ ಬೀಳುತ್ತದೆ. ವರ್ತುಲ ರಸ್ತೆಯ ಮಗ್ಗುಲಲ್ಲಿ ಹರಡಿಕೊಂಡಿರುವ ಈ ಬಡಾವಣೆ ಒಂದು ಕಾಲಕ್ಕೆ ಊರಾಚೆಯ ಹಳ್ಳಿ. ಯೋಜನೆ ಹಾಕಿ ಬಡಾವಣೆ ಮಾಡುವ ಅಭ್ಯಾಸ ಮೈಸೂರಿಗೆ ಹಳೆಯದು. 1903ರಲ್ಲೇ ಇಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಹುಟ್ಟಿತ್ತು. 1988ರಲ್ಲಿ ಅದರ ಜಾಗಕ್ಕೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಬಂತು. ಪ್ರಾಧಿಕಾರ ರಸ್ತೆ ಎಳೆದು ನಿವೇಶನ ಕೊಟ್ಟಿತು, ಮನೆಯನ್ನು ಅವರವರೇ ಕಟ್ಟಿಕೊಂಡರು. ಒಬ್ಬರು ಸಾಲ ಸಿಕ್ಕ ವರ್ಷ ಕಟ್ಟಿದರು, ಇನ್ನೊಬ್ಬರು ನಿವೃತ್ತಿಯ ಹಣ ಬಂದ ಮೇಲೆ, ಮತ್ತೊಬ್ಬರು ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಹಾಗಾಗಿ ಒಂದೇ ಸಾಲಿನ ನಾಲ್ಕು ಮೂವತ್ತು-ನಲವತ್ತರ ಮನೆಗಳಲ್ಲಿ ನಾಲ್ಕು ಬಗೆಯ ಗೋಡೆ ಸಿಗುತ್ತದೆ: ಒಂದು ಕೈಯಚ್ಚಿನ ಇಟ್ಟಿಗೆಯದು, ಒಂದು ವೈರ್‌ಕಟ್ ಇಟ್ಟಿಗೆಯದು, ಒಂದು ಸಿಮೆಂಟ್ ಬ್ಲಾಕಿನದು, ಒಂದು ಹಗುರ ಬ್ಲಾಕಿನದು. ಪಕ್ಕದ ಮನೆಯವರು ‘ನಮ್ಮನೇಲಿ ಆರಾಮಾಗಿ ಇಳೀತು’ ಎಂದು ಕೊಟ್ಟ ಸಲಹೆ ನಮ್ಮ ಗೋಡೆಗೆ ಒಗ್ಗದಿರುವುದು ಇದಕ್ಕೇ.

ಜನ ತಾವೇ ಮಾಡಲು ಇಳಿಯುವುದೇಕೆ? ಹಣ ಉಳಿಸಲು ಎನ್ನುವುದು ಅರ್ಧ ಸತ್ಯ. ಉಳಿದರ್ಧ ‘ನಾಳೆ ಬೆಳಿಗ್ಗೆ ಬರ್ತೀನಿ ಸಾರ್’ ಎಂಬ ಮಾತು. ಒಂದು ಸ್ಟ್ಯಾಂಡು ಹೊಡೆಯಲು, ಒಂದು ನಲ್ಲಿ ಬದಲಿಸಲು ಬಡಗಿಯಾಗಲಿ ಪ್ಲಂಬರ್ ಆಗಲಿ ಸಿಗುವುದಿಲ್ಲ ಎನ್ನುವುದು ದಟ್ಟಗಳ್ಳಿಯಷ್ಟೇ ಅಲ್ಲ, ಎಲ್ಲ ಊರಿನ ದೂರು. ಇದರಲ್ಲಿ ಅವರ ತಪ್ಪು ನನಗೆ ಕಾಣುವುದಿಲ್ಲ. ಅವರ ಲೆಕ್ಕ ದಿನಗೂಲಿಯದು. ಅರ್ಧ ಗಂಟೆಯ ನಿಮ್ಮ ಕೆಲಸಕ್ಕೆ ಬಂದರೆ ಕಟ್ಟುತ್ತಿರುವ ಮನೆಯ ಇಡೀ ದಿನದ ಕೂಲಿ ಮುರಿಯುತ್ತದೆ. ಆ ಅರ್ಧ ಗಂಟೆಗೆ ದಿನದ ಕೂಲಿ ಕೇಳಿದರೆ ನಾವು ಹುಬ್ಬೇರಿಸುತ್ತೇವೆ. ಅವರು ‘ನಾಳೆ’ ಅನ್ನುತ್ತಾರೆ, ನಾವು ಮೊಬೈಲಿನಲ್ಲಿ ವಿಡಿಯೊ ಹುಡುಕುತ್ತೇವೆ.

ವಿಡಿಯೊದ ಗೋಡೆ ಬೇರೆ, ನಮ್ಮ ಗೋಡೆ ಬೇರೆ. ಅಮೆರಿಕದ ಮನೆಯ ಒಳಗೋಡೆ ಸಾಮಾನ್ಯವಾಗಿ ಮರದ ಚೌಕಟ್ಟಿಗೆ ಬಡಿದ ಜಿಪ್ಸಮ್ ಹಲಗೆ. ಅಲ್ಲಿಯವರು ಗೋಡೆಯ ಹಿಂದೆ ಮರದ ಕಂಬ ಎಲ್ಲಿದೆ ಎಂದು ಹುಡುಕಿ ಅದಕ್ಕೆ ನೇರವಾಗಿ ಸ್ಕ್ರೂ ತಿರುಗಿಸುತ್ತಾರೆ. ನಮ್ಮದು ಗಟ್ಟಿ ಗೋಡೆ. ಇಲ್ಲಿ ಸ್ಕ್ರೂ ನಿಲ್ಲಬೇಕಾದರೆ ಮೊದಲು ತೂತು, ಆಮೇಲೆ ಪ್ಲಗ್ಗು. ಈ ಪ್ಲಗ್ಗನ್ನು ಮೊದಲು ತಯಾರಿಸಿದವನು ಲಂಡನ್ನಿನ ಕಟ್ಟಡ ಗುತ್ತಿಗೆದಾರ ಜಾನ್ ಜೋಸೆಫ್ ರಾಲಿಂಗ್ಸ್, 1911ರ ಸುಮಾರಿಗೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗೋಡೆ ಹಾಳಾಗದ ಹಾಗೆ ವಿದ್ಯುತ್ ಉಪಕರಣ ಕೂರಿಸಬೇಕಿತ್ತು. ಸೆಣಬಿನ ನಾರನ್ನು ಅಂಟಿನಲ್ಲಿ ಗಟ್ಟಿ ಮಾಡಿ ಕೊಳವೆಯಾಗಿಸಿದ. ಇಂದು ಅಂಗಡಿಯಲ್ಲಿ ಡಬ್ಬಗಟ್ಟಲೆ ಸಿಗುವ, ಸ್ಕ್ರೂ ಒಳಹೊಕ್ಕಾಗ ಅರಳಿಕೊಳ್ಳುವ ಪ್ಲಾಸ್ಟಿಕ್ ಪ್ಲಗ್ಗು 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ರೂಪಿಸಿದ್ದು. ರಾಲಿಂಗ್ಸನಿಗೂ ಮುಂಚೆ ಸಾಮಾನ್ಯವಾಗಿ ಗೋಡೆಗೆ ಮರದ ಬೆಣೆ ಬಡಿದು ಅದಕ್ಕೆ ಮೊಳೆ ಹೊಡೆಯುವುದೇ ಕ್ರಮ.

ನಮ್ಮ ಹಳೆಯ ಹಳ್ಳಿಮನೆಗಳಿಗೆ ಅದರ ಅಗತ್ಯವೂ ಕಡಿಮೆಯಿತ್ತು. ದೀಪಕ್ಕೆ ಗೂಡು, ಅಂಗಿಗೆ ಗೂಟ, ಪಾತ್ರೆಪಗಡಕ್ಕೆ ಅಟ್ಟ, ಎಲ್ಲವನ್ನೂ ಗೋಡೆ ಏಳುವಾಗಲೇ ಇಟ್ಟುಬಿಡುತ್ತಿದ್ದರು. ಮನೆ ಕಟ್ಟಿ ಮುಗಿದ ಮೇಲೆ ಅದಕ್ಕೆ ತೂತು ಹೊಡೆಯುತ್ತ ಹೋಗುವ ರೂಢಿ ನಮ್ಮ ಕಾಲದ್ದು. ಟಿ.ವಿ. ಬಂತು, ಗೋಡೆಗೆ ಹತ್ತಿತು. ನೀರು ಶುದ್ಧಮಾಡುವ ಯಂತ್ರ, ಗೀಸರ್, ಇನ್ವರ್ಟರಿನ ವೈರು, ವೈಫೈ ಡಬ್ಬಿ, ಸೊಳ್ಳೆ ಪರದೆಯ ಚೌಕಟ್ಟು, ಬಟ್ಟೆ ಒಣಗಿಸುವ ರಾಟೆ ಎಲ್ಲಕ್ಕೂ ಗೋಡೆಯೋ ಸೂರೋ ಬೇಕು.

ಆದರೆ ಆ ಗೋಡೆಯ ಒಳಗೆ ಏನಿದೆ ಎನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ಸ್ವಂತ ಕೈಯ ರಿಪೇರಿಯ ಪಡಿಪಾಟಲೆಲ್ಲ ಹುಟ್ಟುವುದು ಇಲ್ಲಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಮಂಜೂರಾದ ನಕ್ಷೆಯಲ್ಲಿ ಕೋಣೆ ಎಷ್ಟು, ಸುತ್ತ ಬಿಟ್ಟ ಜಾಗ ಎಷ್ಟು, ಮೆಟ್ಟಿಲು ಎಲ್ಲಿ ಎಂದಿರುತ್ತದೆ. ಕಟ್ಟುವಾಗ ಅದರಲ್ಲೂ ಅಷ್ಟಿಷ್ಟು ಆಚೀಚೆ ಆಗಿರುತ್ತದೆ ಎನ್ನುವುದು ಗುಟ್ಟೇನಲ್ಲ. ನೀರಿನ ಪೈಪು, ವೈರಿನ ಪೈಪು ಯಾವ ಗೋಡೆಯಲ್ಲಿ ಯಾವ ಎತ್ತರದಲ್ಲಿ ಹೋಗಿವೆ ಎಂದು ಅದರಲ್ಲಿ ಇರುವುದಿಲ್ಲ. ಕಟ್ಟುವ ದಿನಗಳಲ್ಲಿ ಎಲೆಕ್ಟ್ರಿಷಿಯನ್ ಬಂದು ಇಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ, ಗೆರೆಯಗುಂಟ ಗೋಡೆ ಕೊರೆದು ಪೈಪು ಹೂತ, ಮಾರನೆಯ ವಾರ ಗಾರೆಯವರು ಅದರ ಮೇಲೆ ಸಾರಣೆ ಎಳೆದರು. ನಕ್ಷೆ ಉಳಿದದ್ದು ಆ ಎಲೆಕ್ಟ್ರಿಷಿಯನ್ನನ ತಲೆಯಲ್ಲಿ. ಹದಿನೈದು ವರ್ಷದ ನಂತರ ಆತ ಎಲ್ಲಿದ್ದಾನೋ, ಅವನ ಮೊಬೈಲ್ ನಂಬರ್ ಇದ್ದ ಡೈರಿ ಎಲ್ಲಿದೆಯೋ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಮನೆಯ ಬಚ್ಚಲ ನಲ್ಲಿಯ ಕತೆ ಕೇಳಿ. ‘ರೀ, ಆ ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ತಾನೇ ಇತ್ತು’ ಎಂದು ಅವರ ಮನೆಯವರು ಬೆಳಗಿನ ಕಾಫಿಯ ಜೊತೆ ಹೇಳಿದರು. ತೊಟ್ಟಿಕ್ಕುವ ನಲ್ಲಿಗೆ ಬೇಕಾದದ್ದು ಒಂದು ರಬ್ಬರ್ ವಾಷರ್. ಬದಲಿಸಬೇಕಾದರೆ ನೀರು ನಿಲ್ಲಿಸಬೇಕು. ನೀರು ನಿಲ್ಲಿಸುವ ಗೇಟ್ ವಾಲ್ವು ತಾರಸಿಯ ಮೇಲೆ ಟ್ಯಾಂಕಿನ ಬುಡದಲ್ಲಿದೆ. ಮನೆ ಕಟ್ಟಿದ ದಿನದಿಂದ ಯಾರೂ ತಿರುಗಿಸದ ವಾಲ್ವು ಅದು. ಉಪ್ಪು ಕಟ್ಟಿ ಬಿಗಿದುಕೊಂಡಿತ್ತು. ಬಲ ಹಾಕಿದರೆ ಹಿಡಿ ಕೈಗೇ ಬಂತು. ಇನ್ನು ಉಳಿದ ದಾರಿ, ಸಾವಿರ ಲೀಟರ್ ಟ್ಯಾಂಕನ್ನು ಖಾಲಿ ಮಾಡುವುದು. ನೀರು ಬಿಡುವ ದಿನ ನೋಡಿಕೊಂಡು, ಮನೆಯಲ್ಲಿದ್ದ ಬಕೆಟ್ಟು, ಕೊಳಗ, ಹಂಡೆಯೆಲ್ಲ ತುಂಬಿಸಿಟ್ಟುಕೊಂಡು, ಉಳಿದದ್ದನ್ನು ಗಿಡಗಳಿಗೆ ಬಿಟ್ಟು ಖಾಲಿ ಮಾಡಿದರು.

ಹಾರ್ಡ್‌ವೇರ್ ಅಂಗಡಿಯಲ್ಲಿ ವಾಷರ್ ಕೇಳಿದರೆ ಸಿಗುವ ಮೊದಲ ಪ್ರಶ್ನೆ, ‘ಹಳೇದು ತಂದಿದ್ದೀರಾ ಸಾರ್?’ ತಂದಿರಲಿಲ್ಲ. ತಂದು ತೋರಿಸಿದ ಮೇಲೆ, ‘ಇದು ಈಗ ಬರೋದಿಲ್ಲ, ನಲ್ಲಿನೇ ಹೊಸದು ಹಾಕ್ಬಿಡಿ’ ಎಂಬ ಸಲಹೆ. ಸಲಹೆಯಲ್ಲಿ ತಪ್ಪಿಲ್ಲ. ಹೊಸ ನಲ್ಲಿ ತಂದು, ಹಳೆಯದಕ್ಕೆ ಪೈಪ್ ಪಾನಾ ಹಾಕಿ ಎಡಕ್ಕೆ ತಿರುಗಿಸಿದಾಗ ಟಕ್ ಎಂದು ಸದ್ದಾಯಿತು. ಹಳೆಯ ಜಿಐ ಪೈಪಿನ ಮನೆಗಳಲ್ಲಿ ಈ ಸದ್ದು ಪ್ಲಂಬರುಗಳಿಗೆ ಚಿರಪರಿಚಿತ. ಸತುವಿನ ಲೇಪ ಸವೆದ ಮೇಲೆ ಕಬ್ಬಿಣ ತ್ರೆಡ್ ಇರುವ ಕಡೆಯೇ ಮೊದಲು ತುಕ್ಕು ತಿನ್ನುತ್ತದೆ, ಏಕೆಂದರೆ ತ್ರೆಡ್ ಕೊರೆದ ಜಾಗದಲ್ಲಿ ಲೋಹವೇ ತೆಳು. ನಲ್ಲಿ ಹೊರಗೆ ಬಂತು, ಅದರ ಹಿಂದಿದ್ದ ಗೇಣುದ್ದದ ಪೈಪಿನ ತುದಿ ಗೋಡೆಯೊಳಗಿನ ಎಲ್ಬೋದಲ್ಲೇ ಮುರಿದು ಕೂತಿತು. ಅದನ್ನು ತೆಗೆಯಬೇಕಾದರೆ ಟೈಲ್ಸ್ ಒಡೆಯಬೇಕು. ಒಡೆದ ಟೈಲ್ಸಿನ ಜೋಡಿ ಊರಿನ ಯಾವ ಅಂಗಡಿಯಲ್ಲೂ ಇಲ್ಲ, ಆ ವಿನ್ಯಾಸ ನಿಂತು ವರ್ಷಗಳಾಗಿವೆ. ಬಣ್ಣ ಹೊಂದಿದರೆ ಅಳತೆ ಹೊಂದದು. ಕೊನೆಗೆ ಬಂದ ಪ್ಲಂಬರು ಗೋಡೆಯನ್ನೊಮ್ಮೆ, ಮೇಷ್ಟ್ರನ್ನೊಮ್ಮೆ ನೋಡಿ ಕೇಳಿದ್ದು ಒಂದೇ ಮಾತು: ‘ಇದನ್ನ ಯಾರು ಸಾರ್ ಮಾಡಿದ್ದು?’ ಈಗ ಅವರ ಬಚ್ಚಲಲ್ಲಿ ನೀಲಿ ಟೈಲ್ಸಿನ ನಡುವೆ ಎರಡು ಬಿಳಿಯವು ಇವೆ. ವಾಷರಿನ ಬೆಲೆ ಹತ್ತಿಪ್ಪತ್ತು ರೂಪಾಯಿ.

ಅವರ ಕೈಯಲ್ಲಾಗಲಿ ಪಾನಾದಲ್ಲಾಗಲಿ ದೋಷವಿರಲಿಲ್ಲ. ವಾಲ್ವನ್ನು ಆರು ತಿಂಗಳಿಗೊಮ್ಮೆ ತಿರುಗಿಸಿ ಬಿಟ್ಟಿದ್ದರೆ ಅದು ಬಿಗಿದುಕೊಳ್ಳುತ್ತಿರಲಿಲ್ಲ. ಒಳಗಿರುವುದು ಹಳೆಯ ಜಿಐ ಪೈಪು ಎಂದು ತಿಳಿದಿದ್ದರೆ ನಲ್ಲಿಗೆ ಕೈ ಹಾಕುವ ಮೊದಲು ಯೋಚಿಸುತ್ತಿದ್ದರು. ಹೊಸ ಪ್ಲಾಸ್ಟಿಕ್ ಪೈಪಿನ ಮನೆಯಲ್ಲಿ ಅಪಾಯ ಇನ್ನೊಂದು ಬಗೆಯದು. ಅಲ್ಲಿ ತುಕ್ಕಿಲ್ಲ, ಆದರೆ ಬಲ ಜಾಸ್ತಿಯಾದರೆ ಫಿಟ್ಟಿಂಗು ಕಣ್ಣಿಗೆ ಕಾಣದಂತೆ ಸೀಳುತ್ತದೆ. ಸೋರಿಕೆ ಗೊತ್ತಾಗುವುದು ವಾರಗಳ ನಂತರ, ಗೋಡೆಯ ಆಚೆ ಬದಿಯ ಮಲಗುವ ಕೋಣೆಯಲ್ಲಿ. ನಲ್ಲಿಯ ತ್ರೆಡ್ಡಿಗೆ ಟೆಫ್ಲಾನ್ ಟೇಪು ಸುತ್ತುವಾಗ ತುದಿಯನ್ನು ನಿಮ್ಮ ಕಡೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ಬಿಗಿಯುತ್ತ ಹೋದ ಹಾಗೆ ಟೇಪು ಬಿಚ್ಚಿಕೊಳ್ಳುತ್ತ ಹೋಗುತ್ತದೆ.

ಹೋಟೆಲಿನಲ್ಲಿ ಕಂಡ ದೊಡ್ಡ ತಟ್ಟೆಯಂಥ ಷವರನ್ನು ತಂದು ಹಾಕಿ ನಿರಾಶರಾದವರೂ ಬೀದಿಗೊಬ್ಬರಿದ್ದಾರೆ. ಇಲ್ಲಿ ಲೆಕ್ಕ ಸರಳ. ಹತ್ತು ಮೀಟರ್ ಎತ್ತರದ ನೀರಿನ ಕಂಬ ಚದರ ಸೆಂಟಿಮೀಟರಿಗೆ ಒಂದು ಕಿಲೊ ಒತ್ತಡ ಕೊಡುತ್ತದೆ. ಒಂದಂತಸ್ತಿನ ಮನೆಯ ತಾರಸಿಯ ಮೇಲಿರುವ ಟ್ಯಾಂಕಿಗೂ ತಲೆಯ ಮೇಲಿನ ಷವರಿಗೂ ನಡುವೆ ಸಿಗುವ ಎತ್ತರ ಎರಡು ಮೀಟರ್ ಆಸುಪಾಸು. ಅಂದರೆ ಒತ್ತಡ ಒಂದು ಕಿಲೊದ ಐದನೇ ಒಂದು ಪಾಲು. ಷವರ್ ಎಷ್ಟೇ ದುಬಾರಿಯದಾದರೂ ನೀರು ಜಿನುಗುತ್ತದೆಯೇ ಹೊರತು ಸುರಿಯುವುದಿಲ್ಲ. ಟ್ಯಾಂಕನ್ನು ಎತ್ತರಿಸಬೇಕು, ಇಲ್ಲವೇ ಒತ್ತಡದ ಪಂಪು ಹಾಕಬೇಕು. ಪಂಪು ಹಾಕಿದರೆ ಹಳೆಯ ಪೈಪಿನ ಕೀಲುಗಳು ಅದನ್ನು ತಾಳುತ್ತವೆಯೇ ಎಂಬ ಪ್ರಶ್ನೆ ಏಳುತ್ತದೆ. ಬಚ್ಚಲಿಗೆ ಚಿಕ್ಕ ತೂತುಗಳ ಸಾದಾ ಷವರೇ ಸಾಕು.

ವಿದ್ಯುತ್ತಿನ ವಿಷಯಕ್ಕೆ ಬಂದರೆ ತಮಾಷೆ ಇಲ್ಲ. ಇಲ್ಲಿ ಕಾನೂನೂ ಇದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯದು, ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಸಣ್ಣಪುಟ್ಟ ಗೃಹೋಪಯೋಗಿ ಉಪಕರಣಗಳನ್ನು, ಅದೂ ವೈರಿಂಗಿನ ಸಾಮರ್ಥ್ಯವೂ ಸ್ವರೂಪವೂ ಬದಲಾಗದಂತೆ, ಬದಲಿಸುವುದನ್ನು ಬಿಟ್ಟು ಉಳಿದ ಕೆಲಸಗಳನ್ನೆಲ್ಲ ಪರವಾನಗಿ ಪಡೆದ ಗುತ್ತಿಗೆದಾರರ ಕೈಗೆ ಒಪ್ಪಿಸಿತ್ತು. ಈಗಿನ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೂ ಅದೇ ಧಾಟಿಯವು. ಬಲ್ಬು ಬದಲಿಸಿ, ಸ್ವಿಚ್ಚು ಬದಲಿಸಿ, ಅಭ್ಯಂತರವಿಲ್ಲ. ಅಡುಗೆಮನೆಯ 6 ಆಂಪಿಯರ್ ಪಾಯಿಂಟಿನಿಂದ ವೈರು ಎಳೆದು ಗೀಸರಿಗೆ ಹೊಸ ಪಾಯಿಂಟು ಕೊಡುವುದು ಮಾತ್ರ ನಿಮ್ಮ ಕೆಲಸವಲ್ಲ. ಮೂರು ಕಿಲೊವ್ಯಾಟ್ ಗೀಸರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ದೀಪಕ್ಕೆಂದು ಹಾಕಿದ ತೆಳು ವೈರು ಅಷ್ಟನ್ನು ಹೊರಲಾರದೆ ಗೋಡೆಯೊಳಗೇ ಕಾಯುತ್ತದೆ. ಹೊಗೆ ಬರುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಸ್ವಿಚ್ಚು ಬದಲಿಸುವವರು ನೆನಪಿಡಬೇಕಾದ ಎರಡು ಸಂಗತಿಗಳನ್ನು ಹೆಚ್ಚಿನ ವಿಡಿಯೊಗಳು ಹೇಳುವುದಿಲ್ಲ. ಮೊದಲನೆಯದು ಇನ್ವರ್ಟರ್. ಮೇನ್ ಸ್ವಿಚ್ ಕೆಳಗಿಳಿಸಿದ ಕೂಡಲೇ ಕರೆಂಟು ಹೋಯಿತೆಂದು ಇನ್ವರ್ಟರ್ ತಿಳಿದು, ತನ್ನ ಲೈನಿನ ದೀಪ-ಫ್ಯಾನುಗಳಿಗೆ ತಾನೇ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ಮೇನ್ ಆಫ್ ಮಾಡಿದ್ದೇನೆ ಎಂಬ ಧೈರ್ಯದಲ್ಲಿ ಸ್ವಿಚ್ ಬೋರ್ಡಿಗೆ ಕೈ ಹಾಕಿದವರಿಗೆ ಷಾಕ್ ಹೊಡೆಯುವುದು ಹೀಗೆ. ಇನ್ವರ್ಟರನ್ನೂ ಆರಿಸಲೇಬೇಕು. ಎರಡನೆಯದು, ಹಳೆಯ ವೈರಿಂಗಿನಲ್ಲಿ ಕೆಲವೊಮ್ಮೆ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ಲಿಗೆ ಕೂತಿರುತ್ತದೆ. ಸ್ವಿಚ್ಚು ಆರಿಸಿದರೆ ದೀಪ ಆರುತ್ತದೆ, ಹೋಲ್ಡರಿನಲ್ಲಿ ಕರೆಂಟು ಹಾಗೇ ಇರುತ್ತದೆ. ಟೆಸ್ಟರ್ ಹಾಕಿ ನೋಡದೆ ಮುಟ್ಟಬಾರದು. ಟೆಸ್ಟರ್ ಸರಿಯಿದೆಯೇ ಎಂದು ಮೊದಲು ಕರೆಂಟು ಇರುವ ಜಾಗದಲ್ಲಿ ಹಾಕಿ ನೋಡಬೇಕು. ಕೊರೆಯುವವರಿಗೂ ಒಂದು ಮಾತು: ವೈರಿನ ಪೈಪು ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೆಟ್ಟಗೆ ಮೇಲಕ್ಕೆ ಹೋಗಿ ಸೂರು ಸೇರುತ್ತದೆ, ಪಕ್ಕದ ಬೋರ್ಡಿಗೆ ಅದೇ ಮಟ್ಟದಲ್ಲಿ ಅಡ್ಡ ಹೋಗುತ್ತದೆ. ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ, ಪಕ್ಕಕ್ಕೆ ಡ್ರಿಲ್ ಇಡಬೇಡಿ. ದೇವರ ಪಟಕ್ಕೆಂದು ಬೋರ್ಡಿನ ಮೇಲೆಯೇ ಮೊಳೆ ಹೊಡೆಯುವ ಚಾಳಿ ನಮ್ಮಲ್ಲಿ ಬಹಳ.

ಬಣ್ಣ ಬಳಿಯುವುದು ಇವೆಲ್ಲಕ್ಕಿಂತ ಸುಲಭವೆಂದು ಕಾಣುತ್ತದೆ, ಪ್ರಾಣಭಯವಂತೂ ಇಲ್ಲ. ಮೈಸೂರಿಗರಿಗೆ ಸುಣ್ಣಬಣ್ಣದ ಕಾಲ ದಸರೆಗೆ ಮುಂಚೆ. ನೆಂಟರು ಬರುತ್ತಾರೆ, ಗೊಂಬೆ ಕೂರಿಸಬೇಕು, ಗೋಡೆ ಲಕ್ಷಣವಾಗಿರಬೇಕು. ಗೋಡೆಯ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಮುಹೂರ್ತ ಇನ್ನೊಂದಿಲ್ಲ. ಮೈಸೂರಿನ ಮಳೆ ಕರಾವಳಿಯ ಹಾಗೆ ಜೂನ್-ಜುಲೈಯದಲ್ಲ; ಇಲ್ಲಿ ಜೋರು ಮಳೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಮ್ಮೆ. ನಾವು ರೋಲರ್ ಹಿಡಿಯುವ ಹೊತ್ತಿಗೆ ಗೋಡೆ ಒಳಗೊಳಗೇ ಒದ್ದೆಯಾಗಿರುತ್ತದೆ. ಆ ನೀರು ಇಟ್ಟಿಗೆ ಮತ್ತು ಸಿಮೆಂಟಿನಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಹೊರಮೈಗೆ ಬಂದು ಆರುತ್ತದೆ, ಉಪ್ಪು ಉಳಿದು ಹರಳುಗಟ್ಟುತ್ತದೆ. ಹಿಂದಿನ ಸುಣ್ಣದ ಗೋಡೆಯಾದರೆ ತೇವ ಸರಾಗವಾಗಿ ಹೊರಗೆ ಹೋಗುತ್ತಿತ್ತು, ಸುಣ್ಣ ಅಷ್ಟಿಷ್ಟು ಉದುರುತ್ತಿತ್ತು, ಮರುವರ್ಷ ಮತ್ತೆ ಬಳಿದರೆ ಮುಗಿಯಿತು. ಈಗಿನ ಎಮಲ್ಷನ್ ಗೋಡೆಯ ಮೇಲೆ ತೆಳು ಪೊರೆಯಾಗಿ ಕೂರುತ್ತದೆ. ಹರಳು ಅದರ ಹಿಂದೆ ಬೆಳೆದು ಪೊರೆಯನ್ನೇ ಎತ್ತುತ್ತದೆ. ಯುಗಾದಿಯ ಹೊತ್ತಿಗೆ ಗೋಡೆಯಲ್ಲಿ ಗುಳ್ಳೆ. ಹಳೆಯ ಸುಣ್ಣದ ಮೇಲೆ ಕೆರೆಯದೆ, ಪ್ರೈಮರ್ ಹೊಡೆಯದೆ ನೇರ ಎಮಲ್ಷನ್ ಬಳಿದವರಿಗೆ ಅಷ್ಟು ಕಾಯುವ ತೊಂದರೆಯೂ ಇಲ್ಲ. ಚುನಾವಣೆಯ ಶಾಯಿ ತಯಾರಿಸುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ಇರುವುದು ನಮ್ಮೂರಲ್ಲೇ, 1937ರಿಂದ. ಬೆರಳಿಗೆ ಹಚ್ಚಿದ್ದು ವಾರಗಟ್ಟಲೆ ಹೋಗದಂತೆ ಮಾಡುವ ಊರಿನಲ್ಲಿ ಗೋಡೆಗೆ ಬಳಿದದ್ದು ಆರು ತಿಂಗಳಲ್ಲಿ ಎದ್ದು ಬರುತ್ತದೆ.

ಸಮಯದ ಅಂದಾಜು ತಪ್ಪುವುದೂ ಬಣ್ಣದಲ್ಲೇ ಹೆಚ್ಚು. ಹತ್ತು-ಹನ್ನೆರಡು ಅಡಿಯ ಕೋಣೆಯನ್ನು ನಾವು ನೆಲ ನೋಡಿ ಅಳೆಯುತ್ತೇವೆ: 120 ಚದರ ಅಡಿ, ಅರ್ಧ ದಿನದ ಕೆಲಸ. ಗೋಡೆ ಹತ್ತು ಅಡಿ ಎತ್ತರವಿದ್ದರೆ ನಾಲ್ಕೂ ಸೇರಿ 440 ಚದರ ಅಡಿ. ಅದನ್ನು ಒಮ್ಮೆ ಉಜ್ಜಬೇಕು, ಪುಟ್ಟಿ ಹಚ್ಚಬೇಕು, ಮತ್ತೆ ಉಜ್ಜಬೇಕು, ಪ್ರೈಮರ್, ಎರಡು ಕೋಟ್ ಬಣ್ಣ. ಬೀರು ಸರಿಸುವುದು, ನೆಲಕ್ಕೆ ಪೇಪರ್ ಹಾಸುವುದು, ಬಿದ್ದ ಬಣ್ಣ ಕೆರೆಯುವುದು ಲೆಕ್ಕದಲ್ಲೇ ಇರುವುದಿಲ್ಲ. ಇಂಥ ತಪ್ಪು ಅಂದಾಜಿನ ಬಗ್ಗೆ 1979ರಲ್ಲಿ ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್‌ಸ್ಕಿ ಬರೆದರು. 1994ರಲ್ಲಿ ಕೆನಡಾದ ಮನೋವಿಜ್ಞಾನಿಗಳು ವಿದ್ಯಾರ್ಥಿಗಳನ್ನು ಪ್ರಬಂಧ ಯಾವಾಗ ಮುಗಿಸುತ್ತೀರಿ ಎಂದು ಕೇಳಿದರೆ ಸರಾಸರಿ 34 ದಿನ ಅಂದರು. ಹಿಡಿದದ್ದು 55 ದಿನಕ್ಕೂ ಮೇಲೆ. ಹಿಂದಿನ ಸಲವೂ ತಡವಾಗಿತ್ತೆಂದು ಗೊತ್ತಿದ್ದವರೂ ಈ ಸಲ ಹಾಗಾಗದು ಎಂದೇ ನಂಬುತ್ತಾರಂತೆ. ಮನೆಯ ಯಜಮಾನಿಯರಿಗೆ ಇದನ್ನು ತಿಳಿಯಲು ಸಂಶೋಧನೆ ಬೇಕಿರಲಿಲ್ಲ.

ತಾರಸಿ ಸೋರಿಕೆಯದು ಇನ್ನೊಂದು ಮಾಯೆ. ನೀರು ಒಂದು ಕಡೆ ಇಳಿಯುತ್ತದೆ, ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ. ನಡುಮನೆಯ ಸೂರಿನ ಕಲೆಯ ನೇರಕ್ಕೆ ತಾರಸಿಯ ಮೇಲೆ ಹೋಗಿ ಸಿಮೆಂಟ್ ಹಾಲು ಸುರಿದರೆ ಉಪಯೋಗವಿಲ್ಲ. ನೀರು ಬಹುಶಃ ಪ್ಯಾರಪೆಟ್ ಗೋಡೆ ಮತ್ತು ತಾರಸಿ ಸೇರುವ ಮೂಲೆಯಲ್ಲಿ ಇಳಿದು, ಕಾಂಕ್ರೀಟಿನೊಳಗಿನ ವೈರಿನ ಪೈಪು ಹಿಡಿದು ಬಂದಿರುತ್ತದೆ. ಬಿರುಕು ಸರಿಯಾಗಿ ಸಿಕ್ಕಿದರೂ ಸಿಮೆಂಟು ತುಂಬಿದರೆ ನಿಲ್ಲದು. ಮೂವತ್ತು ಅಡಿ ಉದ್ದದ ಕಾಂಕ್ರೀಟು ಇಪ್ಪತ್ತು ಡಿಗ್ರಿ ಬಿಸಿ ಏರಿದರೆ ಸುಮಾರು ಎರಡು ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ದಿನಾ ಅಲುಗಾಡುವ ಬಿರುಕಿಗೆ ಗಟ್ಟಿ ಸಿಮೆಂಟಿನ ತೇಪೆ ಹೊಂದುವುದಿಲ್ಲ, ರಬ್ಬರಿನಂತೆ ಎಳೆಯಬಲ್ಲ ಸೀಲೆಂಟ್ ಬೇಕು. ಸೋರಿಕೆ ಎಲ್ಲಿಯದೆಂದು ತಿಳಿಯಲು ತಾರಸಿಯನ್ನು ಭಾಗ ಮಾಡಿ, ಸಣ್ಣ ಕಟ್ಟೆ ಕಟ್ಟಿ, ಒಂದೊಂದರಲ್ಲೂ ಒಂದೆರಡು ದಿನ ನೀರು ನಿಲ್ಲಿಸಿ ನೋಡಬೇಕು. ಬೇಸಿಗೆಯಲ್ಲಿ ಮಾಡಬೇಕಾದ ಈ ಕೆಲಸ ನಮಗೆ ನೆನಪಾಗುವುದು ಮಳೆ ಬರುವಾಗ.

ಬಾಗಿಲಿನ ಮಾತೂ ಅಷ್ಟೇ. ಮಳೆಗಾಲದಲ್ಲಿ ಹಿಗ್ಗಿ ಚೌಕಟ್ಟಿಗೆ ಉಜ್ಜುವ ಬಾಗಿಲಿಗೆ ಆಗಲೇ ತೋಪಡ ಹಾಕಬೇಡಿ, ಫೆಬ್ರವರಿಯಲ್ಲಿ ಅದರ ಸಂದಿನಿಂದ ಹಲ್ಲಿ ಓಡಾಡುತ್ತದೆ.

ಪೆಟ್ಟಿಗೆಯಲ್ಲಿ ಬಂದು ನಾವೇ ಜೋಡಿಸಿಕೊಳ್ಳುವ ಪೀಠೋಪಕರಣದ ಚಾಳಿ ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾ 2022ರಲ್ಲಿ ತೆರೆಯುವ ಮುಂಚೆಯೇ ಆನ್‌ಲೈನ್ ಅಂಗಡಿಗಳಿಂದ ಮೈಸೂರಿಗೆ ಬಂದಿತ್ತು. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಐಕಿಯಾ ಡಬ್ಬಿಯನ್ನು ತಾವೇ ಜೋಡಿಸಿದವರು ಅದಕ್ಕೆ, ಜೋಡಿಸಿದ್ದನ್ನು ಬರೀ ನೋಡಿದವರಿಗಿಂತ ಶೇ 63ರಷ್ಟು ಹೆಚ್ಚು ಬೆಲೆ ಕೊಡಲು ಒಪ್ಪಿದ್ದರು. ವಾಲಿದ ಷೆಲ್ಫನ್ನು ಬಂದವರಿಗೆಲ್ಲ ತೋರಿಸುವ ನಮ್ಮ ಹೆಮ್ಮೆಗೆ ಇದು ವಿವರಣೆ. ಕೊಳ್ಳುವ ಮುಂಚೆ ಒಂದನ್ನು ಮಾತ್ರ ನೋಡಿ: ಕಾಲುಗಳು ಮರದವೋ, ಪುಡಿ ಒತ್ತಿ ಮಾಡಿದ ಹಲಗೆಯವೋ. ನಾವು ನೆಲಕ್ಕೆ ನೀರು ಹಾಕಿ ಒರೆಸುವ ಜನ. ಹಲಗೆಯ ಕಾಲು ಒಂದು ವರ್ಷದಲ್ಲಿ ನೀರು ಕುಡಿದು ಊದಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಉಳಿಯುವ ಒಡೆದ ಟೈಲ್ಸು, ಸಾರಣೆಯ ಚಕ್ಕೆ, ಪುಟ್ಟಿ ಗಟ್ಟಿಯಾದ ಬಾಂಡ್ಲಿ ಎಲ್ಲಿ ಹೋಗುತ್ತವೆ? ದಟ್ಟಗಳ್ಳಿಯಲ್ಲಿ ಉತ್ತರ ಕಣ್ಣಿಗೇ ಕಾಣುತ್ತದೆ. ಮಾಲೀಕರು ಬೇರೆ ಊರಿನಲ್ಲಿರುವ ಖಾಲಿ ಸೈಟು, ಇಲ್ಲವೇ ವರ್ತುಲ ರಸ್ತೆಯ ಅಂಚು. ಕಟ್ಟಡ ತ್ಯಾಜ್ಯಕ್ಕೆಂದೇ 2016ರಲ್ಲಿ ಕೇಂದ್ರದ ನಿಯಮ ಬಂತು. ಮನೆ ಕಸದ ಜೊತೆ ಬೆರೆಸದೆ ಬೇರೆ ಇಟ್ಟು, ಸ್ಥಳೀಯ ಸಂಸ್ಥೆ ಗೊತ್ತುಮಾಡಿದ ಜಾಗಕ್ಕೆ ತಲುಪಿಸುವ ಹೊಣೆ ಕೆಲಸ ಮಾಡಿಸಿದವರದೇ ಎಂದು ಅದು ಹೇಳಿತು. ಅರ್ಧ ಚೀಲವಾದರೂ ಅಷ್ಟೇ. ಪಕ್ಕದ ಸೈಟಿಗೆ ಎಸೆದ ಟೈಲ್ಸಿನ ಚೂರು ಮೊದಲು ಚುಚ್ಚುವುದು ಅಲ್ಲಿ ಕ್ರಿಕೆಟ್ ಆಡುವ ನಮ್ಮದೇ ಮಕ್ಕಳ ಕಾಲಿಗೆ.

ಹಾಗಾದರೆ ಏನೂ ಮಾಡಬಾರದೇ? ಧಾರಾಳವಾಗಿ ಮಾಡಬಹುದು. ಷೆಲ್ಫು, ಕಂಬಿ, ಸೊಳ್ಳೆ ಪರದೆ, ಒಣಗಿದ ಗೋಡೆಗೆ ಬಣ್ಣ, ಬಾಗಿಲಿನ ಕೀಲು, ಸಿಂಕಿನ ಕೆಳಗಿನ ಪ್ಲಾಸ್ಟಿಕ್ ಪೈಪು, ಸ್ವಿಚ್ಚು ಇವೆಲ್ಲ ಮನೆಯವರೇ ಮಾಡಿಕೊಳ್ಳಬಹುದಾದವು, ಮಕ್ಕಳಿಗೂ ಕಲಿಸಬೇಕಾದವು. ಗೋಡೆಯೊಳಗಿನ ಪೈಪು, ಹೊಸ ವೈರಿಂಗು, ತಾರಸಿ, ಗೋಡೆ ಒಡೆಯುವುದು ಇವನ್ನು ಬಲ್ಲವರಿಗೆ ಬಿಡಿ. ಅರ್ಧ ಗಂಟೆಯ ಕೆಲಸಕ್ಕೆ ಅರ್ಧ ದಿನದ ಕೂಲಿ ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಬೀದಿಯ ನಾಲ್ಕಾರು ಮನೆಯವರು ತಮ್ಮ ಸಣ್ಣ ಕೆಲಸಗಳನ್ನು ಕೂಡಿಸಿ ಒಂದೇ ದಿನಕ್ಕೆ ಕರೆದರೆ ಆತನೂ ‘ನಾಳೆ’ ಅನ್ನುವುದಿಲ್ಲ.

ಈಗ ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕೋರಿಕೆ. ಗಾರೆಯವರು ಸಾರಣೆಗೆ ಬರುವ ಹಿಂದಿನ ದಿನ, ಪೈಪು-ವೈರುಗಳೆಲ್ಲ ಇನ್ನೂ ಕಾಣುತ್ತಿರುವಾಗ, ಪ್ರತಿ ಕೋಣೆಯ ನಾಲ್ಕೂ ಗೋಡೆಗಳ ಮುಂದೆ ಅಳತೆಯ ಟೇಪು ಹಿಡಿಸಿ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಟೈಲ್ಸು ಒಂದು ಪೆಟ್ಟಿಗೆ ಉಳಿಸಿಕೊಳ್ಳಿ, ಬಣ್ಣದ ಡಬ್ಬಿಯ ಮೇಲಿನ ಷೇಡ್ ನಂಬರನ್ನು ಬೀರುವಿನ ಬಾಗಿಲ ಒಳಮೈಯಲ್ಲಿ ಬರೆದಿಡಿ. ಮುಂದೆಂದಾದರೂ ಮನೆ ಮಾರಿದರೆ ಪತ್ರ, ಕೀಲಿಕೈಗಳ ಜೊತೆಗೆ ಆ ಫೋಟೊಗಳನ್ನೂ ಕೊಂಡವರಿಗೆ ಕೊಡಿ.